ಟೋಕಿಯೋದ ಕಸದ ಬುಟ್ಟಿ ಎಲ್ಲಿ ಹೋಯ್ತು?

ಟೋಕಿಯೋದಲ್ಲಿ ಕೆಲವು ವರ್ಷ ಇದ್ದೆ ಅಂತ ಹೋದ ಸಂಚಿಕೆಯಲ್ಲಿ ಸುಮ್ನೆ ಒಂದು ಮಾತು ಬರೆದಿದ್ದಕ್ಕೆ ಇಷ್ಟೊಂದು ಪ್ರಶ್ನೆ ಬಂದಿವೆ. ಐದನ್ನು ಆರಿಸಿದ್ದೇನೆ.

ಪ್ರ: ಟೋಕಿಯೋದ ಬೀದಿಯಲ್ಲಿ ಕಸದ ಬುಟ್ಟಿಗಳೇ ಇಲ್ಲವಂತೆ. ಆದರೂ ಊರು ಅಷ್ಟು ಚೊಕ್ಕಟ ಹೇಗೆ?

ಉ: ಇವೆ, ಆದರೆ ಹುಡುಕಬೇಕು. 1995ರ ಮಾರ್ಚ್ 20ರ ಬೆಳಿಗ್ಗೆ ಓಮ್ ಶಿನ್ರಿಕ್ಯೋ ಪಂಥದವರು ಸುರಂಗ ರೈಲುಗಳಲ್ಲಿ ಸರಿನ್ ವಿಷಾನಿಲ ಬಿಟ್ಟರು. ಆಮೇಲೆ, ಬುಟ್ಟಿಯೊಳಗೆ ಯಾರು ಏನಿಟ್ಟಾರೋ ಅನ್ನುವ ಭಯಕ್ಕೆ ನಿಲ್ದಾಣಗಳಿಂದ, ಬೀದಿಗಳಿಂದ ಬುಟ್ಟಿಗಳನ್ನು ಎತ್ತಿಬಿಟ್ಟರು. ಜನ ತಮ್ಮ ಕಸವನ್ನು ಬ್ಯಾಗಿಗೆ ಹಾಕಿಕೊಂಡು ಮನೆಗೇ ಒಯ್ಯುತ್ತಾರೆ. ಮನೆಯಲ್ಲೂ ಬಿಡುವಿಲ್ಲ: ಸುಡುವ ಕಸಕ್ಕೆ ಒಂದು ದಿನ, ಬಾಟಲಿಗೆ ಇನ್ನೊಂದು ದಿನ, ಅದರ ಮುಚ್ಚಳ ತೆಗೆದು, ಲೇಬಲ್ ಕಿತ್ತು ಬೇರೆ ಇಡಬೇಕು. ಮೊದಲ ವಾರ ನಾನು ಒನಿಗಿರಿ ಅನ್ನುವ, ಕಡಲಪಾಚಿ ಸುತ್ತಿದ ಅನ್ನದ ಉಂಡೆ ತಿಂದು, ಅದರ ಪ್ಲಾಸ್ಟಿಕ್ ಹಾಳೆಯನ್ನು ಜೇಬಿಗೆ ತುರುಕಿ ಊರೆಲ್ಲ ಸುತ್ತಿದ್ದೆ. ರಾತ್ರಿ ನೋಡಿದರೆ ಕೋಟಿಗೆಲ್ಲ ಕಡಲಪಾಚಿ ವಾಸನೆ. ತಂಪು ಪಾನೀಯದ ಯಂತ್ರದ ಪಕ್ಕ ದುಂಡು ತೂತಿನ ಡಬ್ಬ ಇರುತ್ತದೆ, ಅದು ಖಾಲಿ ಬಾಟಲಿ, ಕ್ಯಾನಿಗೆ ಮಾತ್ರ. ಅದರೊಳಗೂ ಯಾರೋ ಕಾಫಿ ಲೋಟ ತುರುಕಿರುತ್ತಾರೆ. ಅವರೂ ಮನುಷ್ಯರೇ ಅಲ್ವಾ!

ಪ್ರ: ಸಂಜೆಯಾದರೆ ಇಡೀ ಬಡಾವಣೆಗೆ ಕೇಳುವಂತೆ ಹಾಡು ಹಾಕುತ್ತಾರಂತೆ, ನಿಜವೇ?

ಉ: ನಿಜ. ಎಷ್ಟೋ ಕಡೆ ಸಂಜೆ 5ಕ್ಕೆ, ಚಳಿಗಾಲದಲ್ಲಿ ಕೆಲವೆಡೆ 4.30ಕ್ಕೇ, ಕಂಬದ ಮೇಲಿನ ಧ್ವನಿವರ್ಧಕದಲ್ಲಿ ಮಕ್ಕಳ ಹಾಡಿನ ರಾಗ ಬರುತ್ತದೆ. ಹೆಚ್ಚಾಗಿ ಕೇಳುವುದು 'ಯೂಯಾಕೆ ಕೊಯಾಕೆ', ಸಂಜೆಗೆಂಪಿನ ಹಾಡು. ಮಕ್ಕಳಿಗೆ ಇದು ಮನೆಗೆ ಹೊರಡುವ ಗಂಟೆ. ಅಸಲು ಕೆಲಸ ಬೇರೆ: ಭೂಕಂಪ ಆದಾಗ ಎಚ್ಚರಿಕೆ ಕೊಡುವ ಧ್ವನಿವರ್ಧಕಗಳಿವು, ಕೆಟ್ಟಿಲ್ಲ ತಾನೇ ಅಂತ ದಿನಾ ಹೀಗೆ ನೋಡಿಕೊಳ್ಳುತ್ತಾರೆ. ಹತ್ತಿರದ ಕಂಬದ ರಾಗ ಮುಗಿಯುವಷ್ಟರಲ್ಲಿ ದೂರದ್ದು ಇನ್ನೂ ಎಳೆಯುತ್ತಿರುತ್ತದೆ. ಮೊದಮೊದಲು ನನಗೆ ಯಾಕೋ ಅಳು ಬರುವ ಹಾಗಾಗುತ್ತಿತ್ತು, ಆಮೇಲೆ ಅಕ್ಕಿ ತೊಳೆಯಲು ಅದೇ ಗಡಿಯಾರವಾಯಿತು.

ಪ್ರ: ಟೋಕಿಯೋದ ಅಕಿಹಬಾರಾ ಬಡಾವಣೆಯ ಮೇಯ್ಡ್ ಕೆಫೆಗೆ ಹೋಗಬಹುದಾ? ಮನೆಯಲ್ಲಿ ಹೇಳಲು ಸಂಕೋಚ.

ಉ: ಧಾರಾಳವಾಗಿ ಹೋಗಿ, ಹೆಂಡತಿಯನ್ನೂ ಕರೆದುಕೊಂಡು ಹೋಗಿ. ಮನೆಗೆಲಸದವಳ ವೇಷ ತೊಟ್ಟ ಹುಡುಗಿಯರು ತಿಂಡಿ ಕೊಡುವ ಕೆಫೆ ಅದು. ಬಾಗಿಲಲ್ಲೇ 'ಮನೆಗೆ ಬನ್ನಿ ಯಜಮಾನರೇ' ಅನ್ನುತ್ತಾರೆ, ಹೆಂಗಸರಾದರೆ 'ಅಮ್ಮಣ್ಣಿ' ಅನ್ನುವ ಧಾಟಿಯಲ್ಲಿ. ಅನ್ನ ತುಂಬಿದ ಆಮ್ಲೆಟ್ ತರಿಸಿದರೆ ಅದರ ಮೇಲೆ ಕೆಚಪ್‌ನಲ್ಲಿ ಬೆಕ್ಕಿನ ಮುಖ ಬರೆದು, ಎರಡೂ ಕೈಯಲ್ಲಿ ಹೃದಯದ ಆಕಾರ ಮಾಡಿಸಿ 'ಮೊಎ ಮೊಎ ಕ್ಯುನ್' ಅಂತ ಮಂತ್ರ ಹೇಳಿಸುತ್ತಾರೆ. ಹೇಳಿದರೆ ರುಚಿ ಜಾಸ್ತಿಯಾಗುತ್ತದಂತೆ. ನಾನು ಹೇಳಿದೆ, ಆಗಲಿಲ್ಲ. ಒಂದು ಎಚ್ಚರ: ತಿಂಡಿಯ ಬೆಲೆ ಬೇರೆ, ಕೂತಿದ್ದಕ್ಕೆ ಗಂಟೆಯ ಲೆಕ್ಕದ ದುಡ್ಡು ಬೇರೆ. ಆ ಹುಡುಗಿಯರ ಫೋಟೋ ಸುಮ್ನೆ ತೆಗೆಯುವ ಹಾಗೂ ಇಲ್ಲ.

ಪ್ರ: ನಾಣ್ಯ ಹಾಕಿದರೆ ಆಟಿಕೆ ಬೀಳುವ ಯಂತ್ರದ ಮುಂದೆ ಟೈ ಕಟ್ಟಿದ ಗಂಡಸರೂ ಸಾಲು ನಿಲ್ಲುತ್ತಾರಂತೆ. ಏನು ಹುಚ್ಚು?

ಉ: ಗಾಚಾಪೋನ್. ತಿರುಪು ತಿರುಗಿಸಿದಾಗ 'ಗಾಚಾ', ಆಟಿಕೆ ತುಂಬಿದ ಪ್ಲಾಸ್ಟಿಕ್ ಉಂಡೆ ಬಿದ್ದಾಗ 'ಪೋನ್', ಹೆಸರು ಅಷ್ಟೇ. 1965ರಿಂದಲೂ ಜಪಾನಿನಲ್ಲಿದೆ. ಈಗ ಒಂದು ಸಲಕ್ಕೆ ಸಾಮಾನ್ಯವಾಗಿ 300ರಿಂದ 500 ಯೆನ್. ದೊಡ್ಡವರನ್ನು ಸೆಳೆದದ್ದರಲ್ಲಿ 2012ರ ಫುಚಿಕೊ ಗೊಂಬೆಯ ಪಾಲು ದೊಡ್ಡದು: ಕಚೇರಿ ಉಡುಪಿನ ಪುಟ್ಟ ಹೆಂಗಸು, ಟೀ ಕಪ್ಪಿನ ಅಂಚಿನಲ್ಲಿ ಕೂರುತ್ತಾಳೆ, ಜೋತುಬೀಳುತ್ತಾಳೆ. ಟೋಕಿಯೋದ ಇಕೆಬುಕುರೊದಲ್ಲಿ 3,000ಕ್ಕೂ ಹೆಚ್ಚು ಯಂತ್ರಗಳ ಒಂದು ಅಂಗಡಿಯೇ ಇದೆ. ಹುಚ್ಚು ಎಂದಿರಲ್ಲ, ಬೇಕಾದ್ದೇ ಬೀಳುವುದಿಲ್ಲ ನೋಡಿ, ಅದಕ್ಕೇ ಹಿಡಿಯುತ್ತದೆ. ಅಂಚಿನಲ್ಲಿ ಕೂರುವ ಒಬ್ಬಳಿಗಾಗಿ ಹೋಗಿ, ಜೋತುಬೀಳುವವರು ನನಗೆ ಮೂವರು ಸಿಕ್ಕರು. ಮೂವರೂ ಈಗ ಮೇಜಿನ ಮೇಲಿದ್ದಾರೆ.

ಪ್ರ: ಎಸ್ಕಲೇಟರ್‌ನಲ್ಲಿ ಯಾವ ಕಡೆ ನಿಲ್ಲಬೇಕು?

ಉ: ಟೋಕಿಯೋದಲ್ಲಿ ಎಡಕ್ಕೆ, ಒಸಾಕಾದಲ್ಲಿ ಬಲಕ್ಕೆ. ಅವಸರದವರಿಗೆ ಇನ್ನೊಂದು ಪಕ್ಕ ಖಾಲಿ. ಎರಡೂ ಕಡೆ ನಿಲ್ಲಿ, ನಡೆಯಬೇಡಿ ಅಂತ ರೈಲಿನವರು ಪೋಸ್ಟರ್ ಅಂಟಿಸುತ್ತಲೇ ಇದ್ದಾರೆ, ಕೇಳುವವರು ಕಡಿಮೆ. ಕ್ಯೋತೋದಲ್ಲಾದರೆ ಮುಂದಿನವರು ಎಲ್ಲಿ ನಿಂತಿದ್ದಾರೋ ಅಲ್ಲಿ.