ಸ್ಲೋ ಕುಕ್ಕರಿನಲ್ಲಿ ಕೊದ್ದೆಲ್ ಆಗುತ್ತದೆಯೇ?

ಒಂದೇ ಪಾತ್ರೆಯ ಅಡುಗೆ ಮತ್ತು ಸ್ಲೋ ಕುಕ್ಕರ್ ಬಗ್ಗೆ ಮಂಗಳೂರು, ಉಡುಪಿ ಕಡೆಯ ಓದುಗರು ಕೇಳಿದ ಪ್ರಶ್ನೆಗಳಿಗೆ ಈ ಸಲದ ಉತ್ತರ. ಒಂದೇ ಥರದ ಪ್ರಶ್ನೆಗಳನ್ನು ಸೇರಿಸಿದ್ದೇನೆ.

ಪ್ರಶ್ನೆ: ನಾವು ಸುರತ್ಕಲ್‌ನಲ್ಲಿದ್ದೇವೆ. ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುತ್ತೇವೆ. ದುಬೈಯಲ್ಲಿರುವ ಭಾವ ರಜೆಯಲ್ಲಿ ಬಂದಾಗ ಒಂದು ಸ್ಲೋ ಕುಕ್ಕರ್ (ಕರೆಂಟಿನಲ್ಲಿ ಗಂಟೆಗಟ್ಟಲೆ ನಿಧಾನವಾಗಿ ಬೇಯಿಸುವ ಪಾತ್ರೆ) ತಂದುಕೊಟ್ಟರು. ಕೊದ್ದೆಲ್ ಮಾಡೋಣ ಎಂದು ಬೆಳಿಗ್ಗೆ ತೊಗರಿಬೇಳೆ, ಸೌತೆಕಾಯಿ, ಹುಣಸೆಹುಳಿ, ಕಡೆದ ತೆಂಗಿನಕಾಯಿ ಎಲ್ಲ ಒಟ್ಟಿಗೆ ಹಾಕಿ ಹೋದೆ. ಸಂಜೆ ಬಂದು ನೋಡಿದರೆ ಬೇಳೆ ಗಟ್ಟಿಯೇ ಇತ್ತು. ತೆಂಗಿನಕಾಯಿ ಒಡೆದು ಮೇಲೆ ಎಣ್ಣೆ, ಕೆಳಗೆ ನೀರು. ನಮ್ಮ ಅಡುಗೆಗೆ ಇದು ಆಗುವುದೇ ಇಲ್ವಾ?

ಉತ್ತರ: ಆಗುತ್ತದೆ. ಎಲ್ಲವನ್ನೂ ಒಟ್ಟಿಗೆ ಹಾಕಿ ಮುಚ್ಚಿಡುವುದು ಮಾತ್ರ ಆಗುವುದಿಲ್ಲ. ಸ್ಲೋ ಕುಕ್ಕರ್ ಹುಟ್ಟಿದ್ದೇ ಬೀನ್ಸ್ ಬೇಯಿಸಲಿಕ್ಕೆ. ಅಮೆರಿಕದ ಇರ್ವಿಂಗ್ ನ್ಯಾಕ್ಸನ್ ಎಂಬುವರು ಇದಕ್ಕೆ 1940ರಲ್ಲಿ ಪೇಟೆಂಟ್ ಪಡೆದರು. ರೈವಲ್ ಕಂಪನಿ 1971ರಲ್ಲಿ ಕ್ರಾಕ್-ಪಾಟ್ ಎಂಬ ಹೆಸರಿನಲ್ಲಿ ಮಾರಿದ ಮೇಲೆ ಅದು ಮನೆಮನೆಗೆ ಹೋಯಿತು. ಅವರ ಬೀನ್ಸಿಗೆ ತೆಂಗಿನಕಾಯಿ ಕಡೆದು ಹಾಕುವ ಕ್ರಮ ಇಲ್ಲ ನೋಡಿ. ಹಾಗಾಗಿ ಜೊತೆಗೆ ಬರುವ ಪುಸ್ತಕದಲ್ಲಿ 'ಎಲ್ಲ ಹಾಕಿ, ಮುಚ್ಚಿ, ಮರೆತುಬಿಡಿ' ಎಂದೇ ಇರುತ್ತದೆ.

ನಿಮ್ಮ ಬೇಳೆ ಬೇಯದಿರಲು ಕಾರಣ ಹುಣಸೆಹುಳಿ. ಹುಳಿ ಬಿದ್ದರೆ ಕಾಳು ಮೆತ್ತಗಾಗುವುದು ನಿಧಾನವಾಗುತ್ತದೆ. ಪ್ರೆಶರ್ ಕುಕ್ಕರಿನಲ್ಲಿ ಸುಮಾರು 120 ಡಿಗ್ರಿ ಬಿಸಿ ಇರುತ್ತದೆ, ಅಲ್ಲಿ ಹೇಗೋ ನಡೆದುಹೋಗುತ್ತದೆ. ಸ್ಲೋ ಕುಕ್ಕರ್ ಕುದಿಯುವ ಬಿಸಿಗಿಂತ ಸ್ವಲ್ಪ ಕೆಳಗೇ ನಿಲ್ಲುವುದರಿಂದ ಅಲ್ಲಿ ನಡೆಯುವುದಿಲ್ಲ. ತೆಂಗಿನಕಾಯಿಯದ್ದು ಬೇರೆ ಕತೆ. ಗಂಟೆಗಟ್ಟಲೆ ಬಿಸಿಯಲ್ಲಿದ್ದರೆ ಅದರ ಎಣ್ಣೆ ಬಿಟ್ಟುಕೊಳ್ಳುತ್ತದೆ.

ಹೀಗೆ ಮಾಡಿ. ಬೆಳಿಗ್ಗೆ ಅರ್ಧ ಗಂಟೆ ನೆನೆಸಿದ ಬೇಳೆ, ದೊಡ್ಡ ಹೋಳು ಮಾಡಿದ ಸೌತೆಕಾಯಿ, ಅರಸಿನ ಹಾಕಿ 'ಲೋ'ಗೆ ತಿರುಗಿಸಿ ಹೊರಡಿ. ಸಂಜೆ ಬಂದ ಮೇಲೆ ಉಪ್ಪು, ಹುಳಿ, ಬೆಲ್ಲ, ಕಡೆದ ಮಸಾಲೆ ಸೇರಿಸಿ. ಆಮೇಲೆ ಅದನ್ನು ಬೇರೆ ಪಾತ್ರೆಗೆ ಹಾಕಿ ಗ್ಯಾಸಿನ ಮೇಲೆ ಚೆನ್ನಾಗಿ ಒಂದು ಕುದಿ ಬರಿಸಿ. ಸ್ಲೋ ಕುಕ್ಕರಿನಲ್ಲೇ ಕುದಿಸಲು ಹೋದರೆ ಊಟದ ಹೊತ್ತು ಮೀರುತ್ತದೆ. ಕೊನೆಗೆ ತೆಂಗಿನೆಣ್ಣೆಯಲ್ಲಿ ಬೆಳ್ಳುಳ್ಳಿ ಒಗ್ಗರಣೆ. ಒಂದೇ ಪಾತ್ರೆಯ ಅಡುಗೆ ಎಂದಾಗ ಒಗ್ಗರಣೆ ಸೌಟನ್ನು ಲೆಕ್ಕಕ್ಕೆ ಹಿಡಿಯಬಾರದು, ಅಲ್ವಾ?

'ಲೋ' ಮತ್ತು 'ಹೈ' ಬಗ್ಗೆ ತುಂಬ ಜನ ಕೇಳಿದ್ದೀರಿ. ಹೆಚ್ಚಿನ ಮಾಡೆಲ್‌ಗಳಲ್ಲಿ ಎರಡೂ ಕೊನೆಗೆ ಮುಟ್ಟುವ ಬಿಸಿ ಹೆಚ್ಚುಕಡಿಮೆ ಒಂದೇ. ಎಷ್ಟು ಬೇಗ ಮುಟ್ಟುತ್ತದೆ ಎನ್ನುವುದು ಮಾತ್ರ ವ್ಯತ್ಯಾಸ. 'ಹೈ'ನಲ್ಲಿ 3-4 ಗಂಟೆಯಲ್ಲಿ ಆಗುವುದು 'ಲೋ'ನಲ್ಲಿ 7-8 ಗಂಟೆ ತೆಗೆದುಕೊಳ್ಳುತ್ತದೆ. ಕರೆಂಟಿನ ಬಿಲ್ಲಿಗೆ ಹೆದರಬೇಡಿ. 200 ವ್ಯಾಟ್‌ನದ್ದು ಎಂಟು ಗಂಟೆ ಉರಿದರೂ ಹೆಚ್ಚೆಂದರೆ 1.6 ಯುನಿಟ್. ದುಬೈಯ ವೋಲ್ಟೇಜ್ ನಮಗೆ ಸರಿಹೊಂದುತ್ತದೆ, ಪ್ಲಗ್ ಮಾತ್ರ ಬದಲಿಸಬೇಕು. ಅಮೆರಿಕದಿಂದ ತಂದದ್ದಾದರೆ 110-120 ವೋಲ್ಟಿನದ್ದು, ಅದನ್ನು ಹಾಗೇ ನಮ್ಮ ಪ್ಲಗ್ಗಿಗೆ ಸಿಕ್ಕಿಸಬೇಡಿ.

ಪಾತ್ರೆ ಅರ್ಧದಿಂದ ಮುಕ್ಕಾಲಿಗಿಂತ ಸ್ವಲ್ಪ ಕಡಿಮೆವರೆಗೆ ತುಂಬಿರಲಿ. ಸುವರ್ಣಗೆಡ್ಡೆ, ಬಟಾಟೆಯಂಥ ಗಟ್ಟಿ ತರಕಾರಿ ಅಡಿಗೆ ಹೋಗಲಿ. ಬಿಸಿ ಅಡಿಯಿಂದಲೂ ಬದಿಯಿಂದಲೂ ಬರುತ್ತದೆ, ಮತ್ತೆ ಗೆಡ್ಡೆ ಬೇಯಲು ಮಾಂಸಕ್ಕಿಂತ ಜಾಸ್ತಿ ಹೊತ್ತು ಬೇಕು. ಮುಚ್ಚಳ ಪದೇ ಪದೇ ತೆಗೆದು ನೋಡುವ ಅಭ್ಯಾಸ ಬಿಡಿ. ಒಮ್ಮೆ ತೆಗೆದರೆ ಹೋದ ಬಿಸಿ ವಾಪಸ್ ಬರಲು ಇಪ್ಪತ್ತು ನಿಮಿಷವಾದರೂ ಬೇಕು. ನೀರು ಆವಿಯಾಗಿ ಹೋಗುವುದಿಲ್ಲ, ಹಾಗಾಗಿ ಗ್ಯಾಸಿನಲ್ಲಿ ಹಾಕುವಷ್ಟು ನೀರು ಬೇಡ.

ನನ್ನನ್ನು ಕೇಳಿದರೆ ಈ ಪಾತ್ರೆ ನಿಜವಾಗಿ ಉಪಯೋಗಕ್ಕೆ ಬರುವುದು ಕೊದ್ದೆಲಿಗಲ್ಲ, ಊರಿನ ಕೋಳಿಗೆ. ಬ್ರಾಯ್ಲರ್ ಅರ್ಧ ಗಂಟೆಯಲ್ಲಿ ಬೇಯುತ್ತದೆ, ಅದಕ್ಕೆ ಯಾಕೆ ಇಷ್ಟೆಲ್ಲ? ಊರಿನ ಕೋಳಿಯ ಗಟ್ಟಿ ಮಾಂಸಕ್ಕೆ ಬೇಕಾದ್ದು ತಾಳ್ಮೆ. ಎಲುಬು ಸಹಿತ ಒಂದು ಕಿಲೋ ಮಾಂಸ ತೆಗೆದುಕೊಳ್ಳಿ. ನೀರುಳ್ಳಿಯನ್ನು ತೆಂಗಿನೆಣ್ಣೆಯಲ್ಲಿ ಕೆಂಪಗೆ ಹುರಿಯಿರಿ. ಸ್ಲೋ ಕುಕ್ಕರಿನಲ್ಲಿ ಯಾವುದೂ ಕೆಂಪಾಗುವುದಿಲ್ಲ, ಹಾಗಾಗಿ ಈ ಕೆಲಸ ಹೊರಗೇ ಆಗಬೇಕು. ಬ್ಯಾಡಗಿ ಮೆಣಸು, ಕೊತ್ತಂಬರಿ, ಜೀರಿಗೆ, ಕಾಳುಮೆಣಸು, ನಾಲ್ಕು ಕಾಳು ಮೆಂತೆ ಹುರಿದು ಬೆಳ್ಳುಳ್ಳಿ ಜೊತೆ ಕಡೆಯಿರಿ. ಇದರಲ್ಲಿ ತೆಂಗಿನಕಾಯಿ ಬೇಡ. ಎಲ್ಲ ಕಲಸಿ, ಉಪ್ಪು ಹಾಕಿ, ಅರ್ಧ ಕಪ್ ಬಿಸಿನೀರು ಸೇರಿಸಿ 'ಲೋ'ನಲ್ಲಿ 7-8 ಗಂಟೆ ಬಿಡಿ. ಊಟಕ್ಕೆ ಅರ್ಧ ಗಂಟೆ ಮೊದಲು 'ಹೈ'ಗೆ ತಿರುಗಿಸಿ ದಪ್ಪ ತೆಂಗಿನಹಾಲು ಹಾಕಿ. ಕೋರಿ ರೊಟ್ಟಿ ಮುರಿದು ಹಾಕಿಕೊಳ್ಳುವವರು ರಸ ಸ್ವಲ್ಪ ತೆಳ್ಳಗೆ ಇಟ್ಟುಕೊಳ್ಳಿ. ಕೋಳಿ ಫ್ರೀಜರಿನಿಂದ ತೆಗೆದದ್ದಾದರೆ ಪೂರ್ತಿ ಕರಗಿದ ಮೇಲೆಯೇ ಹಾಕಿ. ಮಂಜುಗಡ್ಡೆಯಂತಿರುವ ಮಾಂಸ ಅದರಲ್ಲಿ ಬಿಸಿಯಾಗುವ ಮೊದಲು ತುಂಬ ಹೊತ್ತು ಉಗುರುಬೆಚ್ಚಗೆ ಇರುತ್ತದೆ, ಕೀಟಾಣುಗಳಿಗೆ ಬೇಕಾದ್ದು ಅದೇ.

ಎರಡನೇ ಸ್ಥಾನ ಹುರುಳಿ ಸಾರಿಗೆ. ರಾತ್ರಿ ನೆನೆಸಿದ ಒಂದು ಕಪ್ ಹುರುಳಿಯನ್ನು ಗ್ಯಾಸಿನಲ್ಲಿ ಹತ್ತು ನಿಮಿಷ ಕುದಿಸಿ. ಆಮೇಲೆ ನಾಲ್ಕೈದು ಕಪ್ ನೀರಿನ ಜೊತೆ ದಿನವಿಡೀ ಬಿಟ್ಟರೆ ಕಟ್ಟು ಗಟ್ಟಿಯಾಗಿ ಬರುತ್ತದೆ. ಹುಳಿ, ಮೆಣಸು, ಒಗ್ಗರಣೆ ಸಂಜೆಗೆ.

ಪ್ರಶ್ನೆ: ರಾಜ್ಮಾವನ್ನು ರಾತ್ರಿ ನೆನೆಸಿ ನೇರವಾಗಿ ಸ್ಲೋ ಕುಕ್ಕರಿಗೆ ಹಾಕಿದೆ. ಚೆನ್ನಾಗಿ ಬೆಂದಂತೆಯೇ ಕಂಡಿತು. ಊಟವಾಗಿ ಎರಡು ಗಂಟೆಯಲ್ಲಿ ಮನೆಯವರಿಗೆಲ್ಲ ವಾಂತಿ. ಕಾಳು ಹಾಳಾಗಿತ್ತೇ? (ಕುಂದಾಪುರ)

ಉತ್ತರ: ಕಾಳು ಒಳ್ಳೆಯದೇ ಇದ್ದಿರಬಹುದು. ರಾಜ್ಮಾದಲ್ಲಿ ಫೈಟೋಹೀಮಾಗ್ಲುಟಿನಿನ್ ಎಂಬ ವಿಷದ ಪ್ರೋಟೀನ್ ಇದೆ. ಹಸಿಯಾದ ನಾಲ್ಕೈದು ಕಾಳು ತಿಂದರೂ ವಾಂತಿಯಾಗಬಹುದು. ಸಾಮಾನ್ಯವಾಗಿ ಊಟವಾದ ಒಂದರಿಂದ ಮೂರು ಗಂಟೆಯಲ್ಲಿ ಶುರುವಾಗುತ್ತದೆ. ನೀವು ಹೇಳಿದ ಲಕ್ಷಣ ಇದಕ್ಕೆ ಹೊಂದುತ್ತದೆ. ಚೆನ್ನಾಗಿ ಕುದಿದರೆ ಆ ವಿಷ ಹೋಗುತ್ತದೆ. ಕುದಿಯದೆ 80 ಡಿಗ್ರಿ ಆಸುಪಾಸಿನಲ್ಲೇ ನಿಂತರೆ ಹಸಿ ಕಾಳಿಗಿಂತಲೂ ಜಾಸ್ತಿ ಆಗಬಹುದು. ಕಾಳು ಮೆತ್ತಗಾಗಿದೆ ಎಂದ ಮಾತ್ರಕ್ಕೆ ನಂಬುವ ಹಾಗಿಲ್ಲ.

ಕನಿಷ್ಠ ಐದು ಗಂಟೆ ನೆನೆಸಿ. ಆ ನೀರು ಚೆಲ್ಲಿ. ಹೊಸ ನೀರಿನಲ್ಲಿ ಕೊತಕೊತ ಕುದಿಸಿ, ಹತ್ತು ನಿಮಿಷಕ್ಕಿಂತ ಕಡಿಮೆ ಬೇಡವೇ ಬೇಡ. ಅಮೆರಿಕದ ಆಹಾರ ಇಲಾಖೆ ಮೂವತ್ತು ನಿಮಿಷ ಎನ್ನುತ್ತದೆ, ನಾನೂ ಅದನ್ನೇ ಹೇಳುತ್ತೇನೆ. ನಿಜ ಹೇಳಬೇಕೆಂದರೆ ರಾಜ್ಮಾಕ್ಕೆ ಪ್ರೆಶರ್ ಕುಕ್ಕರೇ ಸಾಕು. ಕಡ್ಲೆ, ಅಲಸಂಡೆ ಬೀಜದಲ್ಲಿ ಇಷ್ಟು ಅಪಾಯವಿಲ್ಲ. ಆದರೂ ಯಾವ ಕಾಳೇ ಆಗಲಿ ಒಮ್ಮೆ ಕುದಿಸಿಯೇ ಸ್ಲೋ ಕುಕ್ಕರಿಗೆ ಹಾಕುವುದು ಒಳ್ಳೆಯದು.

ಪ್ರಶ್ನೆ: ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟ್ ಹೋಗಿ ಬಂದು ಮಾಡುತ್ತದೆ. ಅಡುಗೆ ಅರ್ಧದಲ್ಲಿ ನಿಂತರೆ ತಿನ್ನಬಹುದಾ? (ಕಾರ್ಕಳ)

ಉತ್ತರ: ನೀವು ಮನೆಯಲ್ಲಿದ್ದರೆ ತಕ್ಷಣ ಗ್ಯಾಸಿಗೆ ಹಾಕಿ ಬೇಯಿಸಿ ಮುಗಿಸಿ, ಏನೂ ಹಾಳಾಗುವುದಿಲ್ಲ. ಪೂರ್ತಿ ಬೆಂದ ಮೇಲೆ ಹೋದದ್ದಾದರೆ ಎರಡು ಗಂಟೆಯ ಒಳಗೆ ತಿಂದರಾಯಿತು. ನೀವು ಹೊರಗಿದ್ದು, ಎಷ್ಟು ಹೊತ್ತು ಕರೆಂಟ್ ಇರಲಿಲ್ಲ ಎಂದು ಗೊತ್ತಿಲ್ಲದಿದ್ದರೆ ಚೆಲ್ಲಿಬಿಡಿ. ಕೋಳಿಯೇ ಆದರೂ ಚೆಲ್ಲಿ. ಬೆಂದಂತೆ ಕಂಡರೂ, ವಾಸನೆ ಇಲ್ಲದಿದ್ದರೂ ಅಷ್ಟೇ. 5ರಿಂದ 60 ಡಿಗ್ರಿಯ ನಡುವೆ ಕೀಟಾಣು ಬೆಳೆಯುತ್ತವೆ, ಕೆಲವು ಬಿಟ್ಟುಹೋಗುವ ವಿಷ ಮತ್ತೆ ಕುದಿಸಿದರೂ ಹೋಗುವುದಿಲ್ಲ.

ಡಿಜಿಟಲ್ ಕುಕ್ಕರ್ ಕರೆಂಟ್ ಹೋದರೆ ಸಾಮಾನ್ಯವಾಗಿ ಆಫ್ ಆಗಿಯೇ ಉಳಿಯುತ್ತದೆ, ಬಂದು ನೋಡಿದ ಕೂಡಲೇ ಗೊತ್ತಾಗುತ್ತದೆ. ತಿರುಗಿಸುವ ಗುಬ್ಬಿ ಇರುವುದು ಕರೆಂಟ್ ಬಂದಾಗ ತಾನೇ ಮತ್ತೆ ಶುರುವಾಗುತ್ತದೆ. ಅನುಕೂಲ ಅಂತ ಅನ್ನಿಸಿದರೂ ಮೋಸ ಹೋಗುವುದು ಅಲ್ಲಿಯೇ. ಮೈಕ್ರೋವೇವ್ ಇದ್ದರೆ ಅದರ ಗಡಿಯಾರ ಸೊನ್ನೆಗೆ ಬಂದಿದೆಯಾ ಎಂದು ನೋಡಿ. ಜೂನ್, ಜುಲೈಯಲ್ಲಿ ಮನೆಯಲ್ಲಿ ಇರುವ ದಿನ ಮಾತ್ರ ಸ್ಲೋ ಕುಕ್ಕರ್ ಇಡಿ ಎನ್ನುವುದು ನನ್ನ ಸಲಹೆ.

ಪ್ರಶ್ನೆ: ಕುಚ್ಚಲಕ್ಕಿ ಅನ್ನ ಇದರಲ್ಲಿ ಆಗುತ್ತದಾ? ಗ್ಯಾಸ್ ತುಂಬ ಖರ್ಚಾಗುತ್ತದೆ. (ಬಂಟ್ವಾಳ)

ಉತ್ತರ: ಗಂಜಿ ಆಗುತ್ತದೆ, ಉದುರು ಅನ್ನ ಆಗುವುದಿಲ್ಲ. ಗ್ಯಾಸ್ ಉಳಿಸಲು ಥರ್ಮಲ್ ಕುಕ್ಕರ್, ಅಂದರೆ ಬಿಸಿ ಹೊರಹೋಗದಂತೆ ಹಿಡಿದಿಡುವ ಡಬ್ಬಿ, ಇದಕ್ಕಿಂತ ಒಳ್ಳೆಯದು. ಅದಕ್ಕೆ ಕರೆಂಟೇ ಬೇಡ. ಅಕ್ಕಿ ತೊಳೆದು, ಧಾರಾಳ ನೀರಿನಲ್ಲಿ ಹತ್ತು-ಹದಿನೈದು ನಿಮಿಷ ಜೋರಾಗಿ ಕುದಿಸಿ, ಒಳಪಾತ್ರೆ ಸಹಿತ ಡಬ್ಬಿಯಲ್ಲಿಟ್ಟು ಮುಚ್ಚಿ. ಒಂದು ಗಂಟೆಯಲ್ಲಿ ಅನ್ನವಾಗಿರುತ್ತದೆ, ಹಳೆ ಅಕ್ಕಿಯಾದರೆ ಇನ್ನೂ ಸ್ವಲ್ಪ ಹೊತ್ತು. ಆದ ಮೇಲೆ ತೆಳಿ ಬಸಿಯಿರಿ. ಪಾತ್ರೆ ಅರ್ಧಕ್ಕಿಂತ ಖಾಲಿ ಇದ್ದರೆ ಬಿಸಿ ನಿಲ್ಲುವುದಿಲ್ಲ, ಅಕ್ಕಿ ನಡುವೆ ಗಟ್ಟಿ ಉಳಿಯುತ್ತದೆ.

ಪ್ರಶ್ನೆ: ಬಂಗುಡೆ ಪುಳಿಮುಂಚಿ ಸ್ಲೋ ಕುಕ್ಕರಿನಲ್ಲಿ ಮಾಡಬಹುದಾ?

ಉತ್ತರ: ಬೇಡ. ಹತ್ತು ನಿಮಿಷದಲ್ಲಿ ಬೇಯುವ ಮೀನಿಗೆ ಮಣ್ಣಿನ ಪಾತ್ರೆ, ಸಣ್ಣ ಉರಿ ಸಾಕು.

ಪ್ರಶ್ನೆ: ಮಣಿಪಾಲದಲ್ಲಿ ಪಿಜಿಯಲ್ಲಿದ್ದೇನೆ. ಗ್ಯಾಸ್ ಇಡಲು ಬಿಡುವುದಿಲ್ಲ, ಫ್ರಿಜ್ ಇಲ್ಲ, ಇರುವುದು ಒಂದು ರೈಸ್ ಕುಕ್ಕರ್. ಹೊರಗಿನ ಊಟ ಸಾಕಾಗಿದೆ. ಏನಾದರೂ ಸುಲಭದ್ದು ಹೇಳಿ.

ಉತ್ತರ: ಹೆಸರು ಗಂಜಿ ಮಾಡಿ. ಕಾಲು ಕಪ್ ಹೆಸರುಕಾಳನ್ನು ಬೆಳಿಗ್ಗೆ ಕ್ಲಾಸಿಗೆ ಹೋಗುವ ಮೊದಲು ನೆನೆಹಾಕಿ. ಸಂಜೆ ನೀರು ಬಸಿದು ಅದಕ್ಕೆ ಅರ್ಧ ಕಪ್ ಬೆಳ್ತಿಗೆ ಅಕ್ಕಿ, ಐದು ಕಪ್ ನೀರು, ಜಜ್ಜಿದ ಶುಂಠಿ, ಜೀರಿಗೆ, ಉಪ್ಪು ಸೇರಿಸಿ. ಕುಕ್ಕರ್ ಅರ್ಧಕ್ಕಿಂತ ಮೇಲೆ ತುಂಬಬಾರದು, ಉಕ್ಕಿ ಟೇಬಲೆಲ್ಲ ಅಂಟಾಗುತ್ತದೆ.

ಒಂದು ವಿಷಯ ನೆನಪಿಡಿ. ನೀರು ಇಂಗಿ ಅಡಿಯ ಬಿಸಿ 100 ಡಿಗ್ರಿ ದಾಟಿದಾಗ ಮಾತ್ರ ರೈಸ್ ಕುಕ್ಕರಿನ ಸ್ವಿಚ್ ಮೇಲೆ ಹಾರುತ್ತದೆ. ಗಂಜಿಯಲ್ಲಿ ನೀರು ಇದ್ದೇ ಇರುತ್ತದೆ, ಹಾಗಾಗಿ ಅದು ಹಾರುವುದಿಲ್ಲ. ಮೊಬೈಲಿನಲ್ಲಿ ನಲವತ್ತು ನಿಮಿಷಕ್ಕೆ ಅಲಾರಂ ಇಟ್ಟು ನೀವೇ ಆಫ್ ಮಾಡಿ, ನಡುವೆ ಒಂದೆರಡು ಸಲ ಅಡಿಯಿಂದ ತಿರುಗಿಸಿ. ತೆಂಗಿನತುರಿ ಸಿಕ್ಕರೆ ಮೇಲಿಂದ ಹಾಕಿ. ಮನೆಯಿಂದ ತಂದ ಮಾವಿನಮಿಡಿ ಉಪ್ಪಿನಕಾಯಿ ಹೇಗೂ ಇರುತ್ತದಲ್ಲ.

ಇದು ಇಬ್ಬರಿಗೆ ಸಾಕಾಗುವಷ್ಟು. ಉಳಿದದ್ದನ್ನು ಬೆಳಿಗ್ಗೆಗೆ ಎಂದು ಹೊರಗಿಡಬೇಡಿ, ನಮ್ಮ ಸೆಕೆಗೆ ಅಕ್ಕಿಯ ಅಡುಗೆ ಬೇಗ ಕೆಡುತ್ತದೆ. ಪಕ್ಕದ ರೂಮಿನವರನ್ನು ಊಟಕ್ಕೆ ಕರೆಯಿರಿ, ಇಲ್ಲವೇ ಅಳತೆ ಅರ್ಧ ಮಾಡಿ.