ದೂರದ ಸಹಿ, ಊರಿನ ಶಾಲೆ

ಸಿದ್ದಾಪುರ ತಾಲ್ಲೂಕಿನ ಓದುಗರೊಬ್ಬರು ಬರೆದಿದ್ದಾರೆ: "ಕಳೆದ ಸಂಚಿಕೆಯಲ್ಲಿ ಯುನೆಸ್ಕೋ, ಶಿಕ್ಷಣದ 2030ರ ಗುರಿ ಎಂದೆಲ್ಲ ಎರಡು ಪುಟ ತುಂಬಿಸಿದ್ದೀರಿ. ನಮ್ಮೂರ ಕನ್ನಡ ಶಾಲೆಯಲ್ಲಿ ಐದು ತರಗತಿಗೆ ಒಬ್ಬರೇ ಅಕ್ಕೋರು. ಅವರು ಮೀಟಿಂಗಿಗೆ ಹೋದ ದಿನ ಮಕ್ಕಳು ಮನೆಗೆ. ದೇಶದೇಶಗಳ ಸರ್ಕಾರಗಳು ಕೂತು ಸಹಿ ಹಾಕಿದ್ದರಿಂದ ನಮಗೇನು ಬಂತು?"

ಮಾನ್ಯರೇ,

ಬಂದದ್ದು ಇದೆ. ಆದರೆ ನೀವು ಕಾಯುತ್ತಿರುವ ಎರಡನೇ ಅಕ್ಕೋರು ಆ ದಾರಿಯಲ್ಲಿ ಬರುವವರಲ್ಲ.

ಮನೆಯಲ್ಲಿ ಹಿರಿಯರಿದ್ದರೆ ಶಾಲೆಯಲ್ಲಿ ತಿಂದ ಗೋಧಿನುಚ್ಚಿನ ಉಪ್ಪಿಟ್ಟು, ಕುಡಿದ ಪುಡಿಹಾಲಿನ ಬಗ್ಗೆ ಕೇಳಿ ನೋಡಿ. ಅಮೆರಿಕ ಸರ್ಕಾರ 1954ರ ಕಾನೂನೊಂದರಡಿ ತನ್ನಲ್ಲಿ ಮಿಕ್ಕ ಧಾನ್ಯವನ್ನು ಹೊರದೇಶಗಳಿಗೆ ಕಳಿಸುತ್ತಿತ್ತು. ಕೇರ್ ಎಂಬ ನೆರವು ಸಂಸ್ಥೆಯ ಮೂಲಕ ಅದು ಶಾಲೆಗಳನ್ನು ಮುಟ್ಟಿತು. ಸಹಕಾರವೆಂದರೆ ಆಗ ಚೀಲದಲ್ಲಿ ಬರುವ ವಸ್ತು. ಚೀಲ ನಿಂತ ಮೇಲೆ ಉಪ್ಪಿಟ್ಟೂ ನಿಂತಿತು. ಇಂದಿನ ಬಿಸಿಯೂಟ ನಮ್ಮದೇ ಸರ್ಕಾರಗಳ ಖರ್ಚು.

ಸಹಿಗಳ ಬಗ್ಗೆ ನಿಮ್ಮ ಸಿಟ್ಟು ನನಗೆ ಅರ್ಥವಾಗುತ್ತದೆ. 1990ರಲ್ಲಿ ಥಾಯ್ಲೆಂಡಿನ ಜೋಮ್ತಿಯನ್‌ನಲ್ಲಿ ಸೇರಿದವರು 2000ದೊಳಗೆ ಎಲ್ಲರಿಗೂ ಪ್ರಾಥಮಿಕ ಶಿಕ್ಷಣ ಎಂದರು. 2000ದಲ್ಲಿ ಸೆನೆಗಲ್‌ನ ಡಾಕಾರ್‌ನಲ್ಲಿ ಅದು 2015ಕ್ಕೆ ಹೋಯಿತು. 2015ರಲ್ಲಿ ಕೊರಿಯಾದ ಇಂಚಿಯಾನ್‌ನಲ್ಲಿ 2030 ಎಂದಾಯಿತು. ವಾಯಿದೆ ಬಂದಾಗಲೆಲ್ಲ ಸೊಸೈಟಿಗೆ ಹೋಗಿ ಸಾಲ ನವೀಕರಿಸಿ ಬರುವ ನಮ್ಮ ಅಡಿಕೆ ಬೆಳೆಗಾರರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಹಣವೂ ಬಂತು, ನಿಜ. 1994ರಲ್ಲಿ ಶುರುವಾದ ಜಿಲ್ಲಾ ಪ್ರಾಥಮಿಕ ಶಿಕ್ಷಣ ಕಾರ್ಯಕ್ರಮಕ್ಕೆ (ಡಿಪಿಇಪಿ) ವಿಶ್ವಬ್ಯಾಂಕ್ ಸಾಲ ಕೊಟ್ಟಿತು. ಯುರೋಪಿಯನ್ ಒಕ್ಕೂಟ, ಬ್ರಿಟನ್, ನೆದರ್ಲೆಂಡ್ಸ್ ನೆರವು ಕೊಟ್ಟವು. ಹೆಣ್ಣುಮಕ್ಕಳ ಸಾಕ್ಷರತೆ ದೇಶದ ಸರಾಸರಿಗಿಂತ ಕಡಿಮೆಯಿದ್ದ ಜಿಲ್ಲೆಗಳಿಗೆ ಮೊದಲ ಮಣೆ. ಕರ್ನಾಟಕದಲ್ಲಿ ಬೆಳಗಾವಿ, ಕೋಲಾರ, ಮಂಡ್ಯ, ರಾಯಚೂರಿನಿಂದ ಆರಂಭ. ನಮ್ಮ ಉತ್ತರ ಕನ್ನಡ ಜಿಲ್ಲೆ ಆ ಪಟ್ಟಿಯಲ್ಲಿ ಇರಲಿಲ್ಲ. ಆದರೂ ನಿಮ್ಮ ಶಾಲೆಗೆ ಈಗ ಬಂದುಹೋಗುವ ಸಿಆರ್‌ಪಿ (ಸುತ್ತಲಿನ ಶಾಲೆಗಳ ಗುಂಪಿಗೊಬ್ಬ ಸಂಪನ್ಮೂಲ ವ್ಯಕ್ತಿ), ಅವರು ಕೂರುವ ಕ್ಲಸ್ಟರ್ ಕೇಂದ್ರ ಆ ಯೋಜನೆಯಲ್ಲಿ ರೂಢಿಯಾದವು. ಮುಂದೆ ಸರ್ವ ಶಿಕ್ಷಾ ಅಭಿಯಾನದ ಜೊತೆ ಘಟ್ಟ ಹತ್ತಿ, ಇಳಿದು ಎಲ್ಲೆಡೆ ಹಬ್ಬಿದವು. ದುಡ್ಡು ಮುಗಿಯಿತು, ಪದ್ಧತಿ ಉಳಿಯಿತು.

ಇನ್ನೂ ಒಳ್ಳೆಯ ಉದಾಹರಣೆ ನಲಿ-ಕಲಿ, ಚಿಕ್ಕ ಮಕ್ಕಳು ನಲಿಯುತ್ತ ಕಲಿಯುವ ಪದ್ಧತಿ. ತೊಂಬತ್ತರ ದಶಕದ ನಡುವೆ ಹೆಗ್ಗಡದೇವನಕೋಟೆಯ ಸರ್ಕಾರಿ ಶಿಕ್ಷಕರು ಆಂಧ್ರದ ಋಷಿ ವ್ಯಾಲಿ ಶಾಲೆಗೆ ಹೋಗಿ, ಮಕ್ಕಳು ಕಾರ್ಡುಗಳಿಂದ ತಮ್ಮ ವೇಗದಲ್ಲಿ ಕಲಿಯುವ ಅಲ್ಲಿನ ಪದ್ಧತಿ ನೋಡಿಬಂದು, ಅದನ್ನು ನಮ್ಮ ಪಾಠಗಳಿಗೆ ತಾವೇ ಒಗ್ಗಿಸಿದರು. ಬೆನ್ನಿಗೆ ಯುನಿಸೆಫ್ ಇತ್ತು. 2009-10ರಲ್ಲಿ ಅದು ರಾಜ್ಯದ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳಿಗೆಲ್ಲ ಬಂತು. ನಿಮ್ಮ ಅಕ್ಕೋರು ಚಿಕ್ಕ ತರಗತಿಗಳ ಮಕ್ಕಳನ್ನು ಒಂದೇ ಕೋಣೆಯಲ್ಲಿ ಗುಂಪುಗುಂಪಾಗಿ ಕೂರಿಸಿ ಕಲಿಸುತ್ತಿದ್ದರೆ ಅದರ ಬೇರು ಅಲ್ಲಿದೆ. ಹೊರಗಿನ ನೆರವು ಹೀಗೆ ನಮ್ಮ ಮಾಸ್ತರುಗಳ ಕೈಗೆ ಸಿಕ್ಕಾಗ ಮಾತ್ರ ನಿಂತಿದೆ ಎಂಬುದು ನನ್ನ ಅಭಿಪ್ರಾಯ. (ಒಂದು ಗುಮಾನಿಯೂ ಇದೆ: ಬಹುತರಗತಿ ಪಾಠ ಇಷ್ಟು ಚೆನ್ನಾಗಿ ನಡೆಯುವಾಗ ಇನ್ನೊಬ್ಬ ಶಿಕ್ಷಕರು ಯಾಕೆ ಎಂದು ಇಲಾಖೆಗೆ ಅನ್ನಿಸಿದರೆ?)

ಬೇರೆ ದೇಶಗಳ ಜೊತೆ ಹೋಲಿಸಿಕೊಳ್ಳುವುದೂ ಸಹಕಾರವೇ. ಅಲ್ಲಿ ನಾವು ಅಂಜುಬುರುಕರು. ದೇಶದೇಶಗಳ ಹದಿನೈದು ವರ್ಷದ ಮಕ್ಕಳ ಕಲಿಕೆ ಅಳೆಯುವ ಪಿಸಾ ಪರೀಕ್ಷೆಯ 2009ರ ಸುತ್ತಿಗೆ ಹಿಮಾಚಲ ಪ್ರದೇಶ, ತಮಿಳುನಾಡುಗಳನ್ನು ಕಳಿಸಿದೆವು. ಎರಡೂ ತಳದಲ್ಲಿ ನಿಂತವು. 2012, 2015, 2018ರ ಸುತ್ತುಗಳಿಗೆ ಭಾರತ ಹೋಗಲೇ ಇಲ್ಲ.

ಈಗ ನಿಮ್ಮ ಅಕ್ಕೋರ ವಿಷಯ. ಭಾರತ 1992ರಲ್ಲಿ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯನ್ನು ಒಪ್ಪಿತು. ಆ ಕಾಗದ ಹಿಡಿದು ನೀವು ಯಾರ ಮೇಜಿನ ಮುಂದೂ ನಿಲ್ಲಲಾಗದು. ಆದರೆ 2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆ ಹಿಡಿದು ನಿಲ್ಲಬಹುದು. ಅದರ ಅನುಸೂಚಿಯಲ್ಲಿ ಸ್ಪಷ್ಟವಾಗಿದೆ: ಒಂದರಿಂದ ಐದನೇ ತರಗತಿಯ ಶಾಲೆಯಲ್ಲಿ 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು. ಹನ್ನೆರಡೇ ಮಕ್ಕಳಿದ್ದರೂ ಇಬ್ಬರು.

ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಸಭೆ ಕರೆದು ಠರಾವು ಮಾಡಿಸಿ. ಮಕ್ಕಳ ಸಂಖ್ಯೆ, ಮಂಜೂರಾದ ಹುದ್ದೆ, ಖಾಲಿ ಇರುವುದು, ಎಂದಿನಿಂದ ಖಾಲಿ, ಇಷ್ಟನ್ನೂ ಬರೆಯಿರಿ. ಸಿದ್ದಾಪುರದ ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಅವರಿಗೆ ಕೊಟ್ಟು ಸ್ವೀಕೃತಿ ಪಡೆಯಿರಿ. ಒಂದು ಪ್ರತಿ ಶಿರಸಿಯ ಶಿಕ್ಷಣ ಇಲಾಖೆ ಉಪನಿರ್ದೇಶಕರ (ಡಿಡಿಪಿಐ) ಕಚೇರಿಗೆ. ಇನ್ನೊಂದನ್ನು ನಮಗೆ ಕಳಿಸಿ. ಉತ್ತರ ಬಂದರೆ ಉತ್ತರವನ್ನು, ಬಾರದಿದ್ದರೆ ನಿಮ್ಮ ಅರ್ಜಿಯನ್ನು ಅಚ್ಚು ಹಾಕುತ್ತೇವೆ.

– ಸಂ.