ಹಿಂದೂಸ್ತಾನಿ ಮಾತ್ರ ಕೇಳುವ ಅಪ್ಪನನ್ನು ಮಧ್ಯಾಹ್ನದ ಜಾಝ್‌ಗೆ ಕರೆದುಕೊಂಡು ಹೋಗಬಹುದಾ?

ನಿಮ್ಮ ಅಪ್ಪನ ಜಾಗದಲ್ಲಿ ನಮ್ಮ ಕಾಕಾ ಇದ್ದರು, ಅಷ್ಟೇ ವ್ಯತ್ಯಾಸ. ಅಪ್ಪನಿಗೆ ಒಂದು ತಿಂಗಳು ಯೂಟ್ಯೂಬ್‌ನಲ್ಲಿ ಜಾಝ್ ಕೇಳಿಸಿ ತಯಾರು ಮಾಡಲಾ, ಇಲ್ಲಾ ಸುಮ್ನೆ ಅರ್ಧ ಗಂಟೆ ಕೂತು ಊಟಕ್ಕೆ ಎದ್ದು ಬರಲಾ ಅಂತ ಕೇಳಿದ್ದೀರಿ. ಎರಡೂ ಬೇಡ.

ಕಾಕಾ ಚಿಕ್ಕಂದಿನಲ್ಲಿ ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ತಬಲಾ ಕಲಿತವರು. ಹಿಂದೂಸ್ತಾನಿ ಗಾಯಕ ಸವಾಯಿ ಗಂಧರ್ವರ ಪುಣ್ಯತಿಥಿಗೆ ಕುಂದಗೋಳದ ನಾಡಗೇರ ವಾಡೆಯಲ್ಲಿ ರಾತ್ರಿಯಿಡೀ ಸಂಗೀತ ನಡೆಯುತ್ತದಲ್ಲ, ಅಲ್ಲಿ ಬೆಳಗಿನ ಜಾವದ ತನಕ ಕೂತ ಜಾಗ ಬಿಟ್ಟು ಏಳುತ್ತಿರಲಿಲ್ಲ. ಅಂಥವರನ್ನು ಹುಬ್ಬಳ್ಳಿಯ ಒಂದು ಕಾಲೇಜು ಮೈದಾನದಲ್ಲಿ ನಡೆದ ಸಂಗೀತ ಹಬ್ಬಕ್ಕೆ ಕರೆದುಕೊಂಡು ಹೋದೆ. ಏಪ್ರಿಲ್ ತಿಂಗಳು, ಮೇಲೆ ಶಾಮಿಯಾನ, ಒಳಗೆ ಧಗೆ. ವೇದಿಕೆ ಮೇಲೆ ನಾಲ್ಕೇ ಜನ: ಸ್ಯಾಕ್ಸೋಫೋನ್, ಕೀಬೋರ್ಡ್, ಡ್ರಮ್ಸ್, ಮತ್ತೆ ಬಾಸ್ ಅನ್ನೋ ಆಳೆತ್ತರದ ಒಂದು ತಂತಿವಾದ್ಯ. ಸ್ಯಾಕ್ಸೋಫೋನ್ ಅಂದರೆ ಕಾಕಾಗೆ ಕದ್ರಿ ಗೋಪಾಲನಾಥ್, ಅದರಾಚೆ ಏನೂ ಗೊತ್ತಿರಲಿಲ್ಲ.

“ಈ ಹೊತ್ತಿಗೆ ವೃಂದಾವನಿ ಸಾರಂಗ ಕೇಳಬೇಕಪಾ” ಅಂತ ಶುರುವಿನಲ್ಲಿ ಅಂದರು. ಅದು ಮಧ್ಯಾಹ್ನದ ರಾಗ. ಜಾಝ್‌ನಲ್ಲಿ ಹೊತ್ತಿನ ಕಟ್ಟುಪಾಡು ಇಲ್ಲ, ರಾತ್ರಿ ನುಡಿಸಿದ್ದನ್ನೇ ಮಧ್ಯಾಹ್ನವೂ ನುಡಿಸುತ್ತಾರೆ ಅಂತ ಹೇಳಿದೆ. ತಲೆ ಆಡಿಸಿದರು. ಎರಡು ಹಾಡು ಹಾಗೇ ಹೋದವು. ಮೂರನೆಯದು ಶುರುವಾದ ಸ್ವಲ್ಪ ಹೊತ್ತಿಗೆ ನೋಡುತ್ತೇನೆ, ಕಾಕಾ ತೊಡೆ ಮೇಲೆ ಬೆರಳಿನಲ್ಲಿ ತಾಳ ಹಾಕುತ್ತಿದ್ದಾರೆ. “ಜೋಗದಾಗ ಇದ್ದಂಗ ಎರಡೂ ಗಂಧಾರ ಅದಾವ” ಅಂದರು. ಜೋಗ ಅಂದರೆ ಶುದ್ಧ, ಕೋಮಲ ಎರಡೂ ‘ಗ’ ಸ್ವರ ಬರುವ ರಾಗ. ಆಮೇಲೆ, “ಮೂರು ತೀನತಾಲಕ್ಕ ಒಮ್ಮೆ ಮನೀಗೆ ಬರತಾರ ನೋಡು.”

ಅದು 12 ಬಾರಿನ ಬ್ಲೂಸ್, ಜಾಝ್‌ನವರು ಬಹಳ ನುಡಿಸುವ ಒಂದು ಕಟ್ಟು. ಬಾರು ಅಂದರೆ ಅವರ ತಾಳದ ಒಂದು ತುಂಡು. ಒಂದು ಬಾರಿಗೆ 4 ಮಾತ್ರೆ, ಅಂದರೆ ತಾಳದ 4 ಎಣಿಕೆ, ಒಟ್ಟು 48. ತೀನತಾಲದ 16 ಮಾತ್ರೆಯನ್ನು ಮೂರು ಸಲ ಎಣಿಸಿದರೆ ಅದೇ 48. ಮೊದಲು ಎಲ್ಲರೂ ಸೇರಿ ಹಾಡಿನ ಮುಖ, ಅಂದರೆ ಮೂಲ ಧಾಟಿ, ನುಡಿಸುತ್ತಾರೆ, ಆಮೇಲೆ ಒಬ್ಬೊಬ್ಬರೇ ಅದೇ 48 ಮಾತ್ರೆಯ ಆವರ್ತನದ ಮೇಲೆ ತಮ್ಮ ಮನಸ್ಸಿಗೆ ಬಂದದ್ದನ್ನು ಕಟ್ಟುತ್ತಾ ಹೋಗುತ್ತಾರೆ, ಕೊನೆಗೆ ಮತ್ತೆ ಮುಖಕ್ಕೆ ಬರುತ್ತಾರೆ. ಇದೆಲ್ಲ ನಾನು ಎಷ್ಟೋ ದಿನ ಆದಮೇಲೆ ಓದಿ ತಿಳಿದುಕೊಂಡದ್ದು. ಕಾಕಾ ಅಲ್ಲೇ ಕೂತು ಎಣಿಸಿ ಕಂಡುಕೊಂಡಿದ್ದರು.

ಈಗ ನಾನು ಮಾಡಿದ ತಪ್ಪು. ಇದನ್ನು ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನೀವೂ ಇದನ್ನೇ ಮಾಡಲು ಹೊರಟಿದ್ದೀರಿ. ಕಾಕಾಗೆ ಶುಗರ್ ಇದೆ, ಗುಳಿಗೆ ತಗೊಂಡಮೇಲೆ ಹೊತ್ತಿಗೆ ಸರಿಯಾಗಿ ಊಟ ಆಗಬೇಕು. ನಾನು ಬುತ್ತಿ ಕಟ್ಟಿಕೊಂಡು ಹೋಗಿರಲಿಲ್ಲ. 1 ಗಂಟೆ ದಾಟಿತ್ತು, ನನ್ನ ಕಣ್ಣು ಗಡಿಯಾರದ ಮೇಲೇ. ಅಷ್ಟರಲ್ಲಿ ಸ್ಯಾಕ್ಸೋಫೋನಿನವ ನುಡಿಸಿ ಪಕ್ಕಕ್ಕೆ ಸರಿದ, ಜನ ಚಪ್ಪಾಳೆ ಹೊಡೆದರು. ಡ್ರಮ್ಸ್ ನಿಂತಿತು, ಕೀಬೋರ್ಡಿನವ ಕೈ ತೆಗೆದ. ಬಾಸ್‌ನವ ಒಬ್ಬನೇ ಸಣ್ಣ ದನಿಯಲ್ಲಿ ಏನೋ ಮೀಟುತ್ತಿದ್ದ. ಸೆಕೆಗೆ ತಂತಿ ಇಳಿಯುತ್ತಿತ್ತು, ಆತ ಅದಕ್ಕೂ ಮೊದಲು ಹಾಡುಗಳ ನಡುವೆ ಎರಡು ಸಲ ಶ್ರುತಿ ಮಾಡಿಕೊಂಡಿದ್ದ. ಹಾಗಾಗಿ ಹಾಡು ಮುಗಿಯಿತು, ಮತ್ತೆ ಶ್ರುತಿ ಮಾಡುತ್ತಿದ್ದಾನೆ ಅಂತಲೇ ತಿಳಿದೆ. ಜಾಝ್‌ನಲ್ಲಿ ಒಬ್ಬೊಬ್ಬರ ಸರದಿ ಮುಗಿದಾಗಲೂ ಹಾಡಿನ ನಡುವೆಯೇ ಚಪ್ಪಾಳೆ ಹೊಡೆಯುತ್ತಾರೆ ಅಂತ ನನಗೆ ಗೊತ್ತಿರಲಿಲ್ಲ. ಅದು ಬಾಸ್‌ನವನ ಸರದಿ ಆಗಿತ್ತು. ಮುಂದಿನ ಸಾಲಿನ ನಾಲ್ಕು ಜನ ಎದ್ದರು. ನಾನೂ ಎದ್ದು ಕಾಕಾನ ತೋಳು ಹಿಡಿದು ಎಬ್ಬಿಸಿದೆ.

“ತಡೀಪಾ, ಇನ್ನೂ ಸಮ ಬಂದಿಲ್ಲ” ಅಂದರು. ಸಮ ಅಂದರೆ ಆವರ್ತನದ ಮೊದಲ ಮಾತ್ರೆ. ಬೆರಳು ಇನ್ನೂ ಎಣಿಸುತ್ತಲೇ ಇತ್ತು. ಊಟ ಮಾಡಿ ಬರೋಣ ಕಾಕಾ ಅಂತ ಕರೆದುಕೊಂಡು ಹೊರಟೇಬಿಟ್ಟೆ.

ಖಾನಾವಳಿಯಲ್ಲಿ ಗದ್ದಲ, ರೊಟ್ಟಿ ಬರುವುದಕ್ಕೇ ಹೊತ್ತಾಯಿತು. ತಿರುಗಿ ಬಂದಾಗ ಡ್ರಮ್ಸ್ ಬಿಚ್ಚಿ ಕಟ್ಟುತ್ತಿದ್ದರು. ಕೊನೆಯಲ್ಲಿ ಏನಾಯಿತು ಅಂತ ಗೇಟಿನಲ್ಲಿ ಒಬ್ಬ ಹುಡುಗ ಹೇಳಿದ: ಬಾಸ್ ಮುಗಿದಮೇಲೆ ಸ್ಯಾಕ್ಸೋಫೋನ್ ಮತ್ತು ಡ್ರಮ್ಸ್ ನಾಲ್ಕು ನಾಲ್ಕು ಬಾರು ಹಂಚಿಕೊಂಡು ಒಬ್ಬರಿಗೊಬ್ಬರು ಉತ್ತರ ಕೊಟ್ಟರಂತೆ. ನಾಲ್ಕು ಬಾರು ಅಂದರೆ 16 ಮಾತ್ರೆ. ಒಂದೊಂದು ತೀನತಾಲದ ಸವಾಲ್-ಜವಾಬ್. ಇಡೀ ಕಾರ್ಯಕ್ರಮದಲ್ಲಿ ತಬಲಾದವರೊಬ್ಬರು ಕೇಳಲೇಬೇಕಾದ ಭಾಗ ಅದೇ ಆಗಿತ್ತು. ಕಾಕಾ ನನಗೆ ಏನೂ ಅನ್ನಲಿಲ್ಲ. ಎಷ್ಟು ಸಲ ಹಂಗ ಮಾಡಿದರು ಅಂತ ಆ ಹುಡುಗನನ್ನೇ ಕೇಳಿದರು. ಅವನು ಎಣಿಸಿರಲಿಲ್ಲ.

ಈಗ ಕಾಕಾಗೆ ಕಿವಿ ಮಂದ. ಮಶೀನು ಹಾಕಿಕೊಂಡರೆ ಮಾತು ಕೇಳುತ್ತದೆ, ಸಂಗೀತ ಮಾತ್ರ ತಗಡು ಬಡಿದಂಗ ಅಂತಾರೆ. ಮೊಬೈಲಿನಲ್ಲಿ ಹಾಕಿ ಕೇಳಿಸಲು ನೋಡಿದೆ, ಆಗಲಿಲ್ಲ.

ಆದ್ದರಿಂದ ತಯಾರಿ ಅನ್ನೋ ಮಾತೇ ಬಿಡಿ. ಧಾರವಾಡದಲ್ಲಿ ಇಷ್ಟು ವರ್ಷ ತಾಳ ಎಣಿಸುತ್ತಾ ಕೂತ ನಿಮ್ಮ ಅಪ್ಪನಿಗೆ ನೀವು ಯೂಟ್ಯೂಬ್‌ನಲ್ಲಿ ಏನು ಕಲಿಸುತ್ತೀರಿ? ತಯಾರಿ ಆಗಬೇಕಾದ್ದು ಊಟದ್ದು. 11 ಗಂಟೆಗೇ ಅಪ್ಪನಿಗೆ ಊಟ ಮಾಡಿಸಿ. ಆಗದಿದ್ದರೆ ಎರಡು ರೊಟ್ಟಿ, ಶೇಂಗಾ ಚಟ್ನಿ, ಒಂದು ಡಬ್ಬಿ ಮೊಸರು ಕಟ್ಟಿಕೊಳ್ಳಿ, ನೀರು ಜಾಸ್ತಿ ಇರಲಿ. ಸ್ಪೀಕರ್ ಎದುರು ಕೂರಬೇಡಿ, ಬಾಸ್ ನಿಂತಿರುವ ಕಡೆ ಮುಂದಿನ ಸಾಲು ಹಿಡಿಯಿರಿ. ಉಳಿದ ವಾದ್ಯಗಳು ನಿಂತು ಬಾಸ್ ಒಂದೇ ಮೆತ್ತಗೆ ಶುರುವಾದಾಗ ಸುತ್ತಲಿನವರು ಏಳುತ್ತಾರೆ, ಮಾತಾಡುತ್ತಾರೆ. ಆಗ ನೀವು ಅಪ್ಪನ ಬೆರಳು ನೋಡಿ. ಅದು ಎಣಿಸುತ್ತಿದ್ದರೆ ಏಳಬೇಡಿ.